ಒಂದು ಕ್ರಿಯಾವಿಶೇಷಣದ ವಯಸ್ಸು

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ಆಕ್ಸ್‌ಫರ್ಡಿನ ಒಂದು ಮಹಡಿ ಮನೆಯೊಳಗೆ ಹದಿನಾಲ್ಕು ಮಂದಿ ವಿದ್ಯಾವಂತರು ಒಂದು ಗುರುತರವಾದ ಪ್ರಶ್ನೆಯ ಎದುರು ಕುಳಿತಿದ್ದರು. ಇಂಗ್ಲಿಷಿನಲ್ಲಿ ‘ಓ’ ಅಕ್ಷರದಿಂದ ಶುರುವಾಗುವ ‘ಆಸ್ಟಿಯಾಟಿಮ್’ ಎಂಬ ಕ್ರಿಯಾವಿಶೇಷಣವೊಂದಿದೆ. ಬಾಗಿಲಿಂದ ಬಾಗಿಲಿಗೆ ಎಂದು ಅದರ ಅರ್ಥ. ಹುಟ್ಟಿದಂದಿನಿಂದ ಅದನ್ನು ಬಳಸಿದವರು, ಕಚೇರಿಯವರ ಕಣ್ಣಿಗೆ ಬಿದ್ದ ಮಟ್ಟಿಗೆ, ಒಂಬತ್ತು ಜನ. ಅವರಲ್ಲಿ ಏಳು ಜನ ಒಂದು ಸಲ ಬಳಸಿ, ಸಾಕೆನಿಸಿ, ಸುಮ್ಮನಾಗಿದ್ದರು. ಈ ಪದ ಮೊದಲು ಕಾಗದದ ಮೇಲೆ ಬಂದದ್ದು 1663ರಲ್ಲೋ 1641ರಲ್ಲೋ? ಹೊರಗೆ ಬಸ್ಸುಗಳು ಓಡಾಡುತ್ತಿದ್ದವು, ಜನ ಮೀನು ಕೊಳ್ಳುತ್ತಿದ್ದರು. ಅವರಿಗೆ ಇದೊಂದೂ ಗೊತ್ತಿರಲಿಲ್ಲ.

ಆ ಮನೆ ಒಂದು ದೊಡ್ಡ ನಿಘಂಟಿನ ಕಚೇರಿ. ಹೊಸ ಆವೃತ್ತಿಯ ಕೆಲಸ ‘ಓ’ ಅಕ್ಷರಕ್ಕೆ ಬಂದು ನಿಂತಿತ್ತು. ದೇಶದ ಉದ್ದಗಲಕ್ಕೂ ಇದ್ದ ಪುಸ್ತಕದ ಹುಚ್ಚಿನವರು ಹಳೆಯ ಪುಸ್ತಕ ಓದಿ, ಅಪರೂಪದ ಪದ ಕಂಡಲ್ಲಿ ಆ ವಾಕ್ಯವನ್ನು ಅಂಗೈಯಗಲದ ಚೀಟಿಯ ಮೇಲೆ ನಕಲು ಮಾಡಿ, ಗ್ರಂಥಕರ್ತನ ಹೆಸರು ಮತ್ತು ಇಸವಿ ಬರೆದು ಅಂಚೆಗೆ ಹಾಕುತ್ತಿದ್ದರು. ಅಚ್ಚಿಗೆ ಹೋಗುವ ಮುಂಚೆ ಕಚೇರಿಯ ಒಬ್ಬ ಮನುಷ್ಯ ಮೂಲ ಪುಸ್ತಕವನ್ನು ತನ್ನ ಕಣ್ಣಿಂದಲೇ ನೋಡಿ ಚೀಟಿಯ ಮೂಲೆಯಲ್ಲಿ ತನ್ನ ಹೆಸರಿನ ಎರಡಕ್ಷರ ಹಾಕಬೇಕು. ಆ ಮನುಷ್ಯ ಹ್ಯೂ ಪಾರ್ಫಿಟ್. ಮೂವತ್ತನಾಲ್ಕು ವರ್ಷ, ಉದ್ದನೆಯ ಕೈಗಳು, ಹಣೆಯ ಮೇಲೆ ಏರಿಸಿಟ್ಟು ಮರೆತ ಕನ್ನಡಕ. ಏಳು ವರ್ಷಗಳಲ್ಲಿ ತಾನು ನೋಡದ ಒಂದು ಸಾಲಿಗೂ ಅವನು ‘ಎಚ್.ಪಿ.’ ಎಂದು ಬರೆದಿರಲಿಲ್ಲ. ಊಟದ ಮೇಜಿನ ಕಂದು ಸಾಸ್ ಬಾಟಲಿಯ ಮೇಲೂ ಅದೇ ಎರಡಕ್ಷರ ಇರುತ್ತಿದ್ದುದರಿಂದ ಕಚೇರಿಯಲ್ಲಿ ಅವನನ್ನು ಬೆನ್ನ ಹಿಂದೆ ಸಾಸ್ ಎನ್ನುತ್ತಿದ್ದರು. ಮುಖದ ಮುಂದೆಯೂ ಎನ್ನುತ್ತಿದ್ದರು, ಅವನು ಗಮನಿಸುತ್ತಿರಲಿಲ್ಲ.

ಡಾರ್ಕಸ್ ಪೆಲ್ಲೋ ಗಮನಿಸುತ್ತಿದ್ದಳು. ಅವಳದು ಕಿಟಕಿ ಪಕ್ಕದ ಮೇಜು, ಪದಗಳ ಮೂಲ ಬರೆಯುವ ಕೆಲಸ. ಒಂದು ಪದ ಯಾವ ಭಾಷೆಯಿಂದ, ಯಾವ ದಾರಿಯಲ್ಲಿ ಬಂತೆಂದು ಮೂರು ಸಾಲಿನಲ್ಲಿ ಹೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಹಾಗೆ ಬರೆಯುವುದು ಅವಳಿಗೆ ಇಷ್ಟ. ಬದುಕಿನಲ್ಲಿ ಬೇರೆಲ್ಲೂ ಅದಕ್ಕೆ ಸಂಬಳ ಸಿಗುವುದಿಲ್ಲ.

ದೊಡ್ಡ ಕೋಣೆಯಲ್ಲಿ ಮಾತಾಡುವಂತಿರಲಿಲ್ಲ. ನಾಲ್ಕು ಗಂಟೆಗೆ ಚಹಾ ಬಂದಾಗ ಹದಿನೈದು ನಿಮಿಷ ಮಾತ್ರ ಅನುಮತಿ. ಅಲ್ಲಿ ಯಾರಿಗಾದರೂ ಯಾರ ಮೇಲಾದರೂ ಪ್ರೀತಿ ಹುಟ್ಟಿದರೆ ದಿನಕ್ಕೆ ಕಾಲು ಗಂಟೆಯಂತೆಯೇ ಬೆಳೆಯಬೇಕು. ಒಂದು ದಿನ ಆ ಕಾಲು ಗಂಟೆಯಲ್ಲಿ ಪಾರ್ಫಿಟ್ ಚಹಾದ ಕಪ್ಪನ್ನೂ ಒಂದು ಚೀಟಿಯನ್ನೂ ಹಿಡಿದು ಅವಳ ಮೇಜಿನ ಬಳಿ ಬಂದ.

“ಮಿಸ್ ಪೆಲ್ಲೋ, ಇದು ನಿಮ್ಮ ತಂದೆಯವರ ಅಕ್ಷರ ಅಲ್ವಾ?”

ಹೌದು. ಕಾರ್ನ್‌ವಾಲ್‌ನ ಪೆನ್‌ರಿನ್ ಊರಿನ ನಿವೃತ್ತ ಪೋಸ್ಟ್‌ಮನ್ ಜೆತ್ರೋ ಪೆಲ್ಲೋನ ದುಂಡನೆಯ ಅಕ್ಷರ. ಮೂವತ್ತು ವರ್ಷಗಳಿಂದ ಅವನು ಈ ಕಚೇರಿಗೆ ನಾಲ್ಕು ಸಾವಿರಕ್ಕೂ ಮಿಕ್ಕಿ ಚೀಟಿ ಕಳಿಸಿದ್ದ. ಸಂಪುಟದ ಮುನ್ನುಡಿಯಲ್ಲಿ ಕೃತಜ್ಞತೆಯ ಪಟ್ಟಿ ಬರುತ್ತದಲ್ಲ, ಅದರಲ್ಲಿ ಮೂರನೆಯ ಹೆಸರು ಅವನದೆಂದು ಸಂಪಾದಕ ಡಾಕ್ಟರ್ ವೆನ್ನಿಂಗ್ ಆಗಲೇ ಕಾಗದ ಬರೆದು ತಿಳಿಸಿದ್ದರು. ಅಪ್ಪ ಆ ಕಾಗದಕ್ಕೆ ಚೌಕಟ್ಟು ಹಾಕಿಸಿದ್ದ.

“ಇದು ಮಿಕ್ಕ ಎಲ್ಲದಕ್ಕಿಂತ ಇಪ್ಪತ್ತೆರಡು ವರ್ಷ ಹಳೇದು,” ಎಂದ ಪಾರ್ಫಿಟ್. ಹಬ್ಬದ ಸುದ್ದಿ ತಂದವನಂತೆ ಅವನ ಕಿವಿ ಕೆಂಪಗಾಗಿತ್ತು. “ಓದಿ.”

ಡಾರ್ಕಸ್ ಓದಿದಳು. 1641. ಕೇಲಬ್ ಟ್ರುಜನ್, ‘ನಮ್ಮ ಪ್ಯಾರಿಷ್ ದಾರಿಗಳ ಸರಳ ವಿವರ’. ‘ಬಡವರ ದಾನಕ್ಕಾಗಿ ನಾನು ಮಳೆಯಲ್ಲಿ ಆಸ್ಟಿಯಾಟಿಮ್ ಹೋದೆನು; ಮೂರು ಬಾಗಿಲು ತೆರೆದವು, ನಗುತ್ತಾ ತೆರೆದದ್ದು ಒಂದೇ.’

ಅವಳ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು. ಕೇಲಬ್ ಟ್ರುಜನ್ ಅವಳಿಗೆ ಚೆನ್ನಾಗಿ ಗೊತ್ತು. ಚಿಕ್ಕವಳಿದ್ದಾಗ ಅವನಿಗೆ ಕ್ಯಾರೆಟ್ ತಿನ್ನಿಸಿದ್ದಳು. ಅವನು ಅಪ್ಪನ ಅಂಚೆಗಾಡಿಯ ಕುದುರೆ. ಸರ್ಕಾರದ ಕೆಲಸ ಮಾಡುವವನಿಗೆ ಮನೆತನದ ಹೆಸರೂ ಇರಬೇಕೆಂದು ಅಪ್ಪನೇ ಹಾಗೆ ಕರೆದಿದ್ದ.

“ಪುಸ್ತಕ ನಮ್ಮ ಲೈಬ್ರರಿಯಲ್ಲಿಲ್ಲ. ನಾನು ಹುಡುಕ್ತೀನಿ,” ಎಂದ ಪಾರ್ಫಿಟ್. “ನೀವು ಯೋಚನೆ ಮಾಡ್ಬೇಡಿ.”

ಆಗಲೇ ಹೇಳಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ಎದುರಿನ ಖಾಲಿ ಕುರ್ಚಿಯನ್ನು ಎಳೆದುಕೊಂಡ. ಏಳು ವರ್ಷದಲ್ಲಿ ಮೊದಲ ಸಲ.

“ಇದರ ಮೂಲ ಏನಂತ ಬರೀತೀರಿ?”

“ಲ್ಯಾಟಿನ್ನಲ್ಲಿ ‘ಆಸ್ಟಿಯಂ’ ಅಂದ್ರೆ ಬಾಗಿಲು. ‘ಆಟಿಮ್’ ಅನ್ನೋ ಬಾಲ ಸೇರಿದ್ರೆ ಒಂದೊಂದಾಗಿ ಅನ್ನೋ ಅರ್ಥ ಬರುತ್ತೆ. ಮೆಟ್ಟಿಲು ಮೆಟ್ಟಿಲಾಗಿ ಅನ್ನೋಕೆ ‘ಗ್ರಾಡಾಟಿಮ್’ ಇದೆಯಲ್ಲ, ಹಾಗೇ.”

“ಅಷ್ಟೇನಾ?”

“ಆಸ್ಟಿಯಂ ಹಿಂದೆ ‘ಓಸ್’ ಇದೆ. ಬಾಯಿ. ಬಾಗಿಲು ಅಂದ್ರೆ ಮನೆಯ ಬಾಯಿ.”

ಕನ್ನಡದ ಬಾಗಿಲಿನೊಳಗೂ ಒಂದು ಬಾಯಿ ಅವಿತುಕೊಂಡಿದೆಯೆಂದು ಬಲ್ಲವರು ಹೇಳುತ್ತಾರೆ. ರೋಮಿನವರು ನಮ್ಮನ್ನು ಕೇಳಿಲ್ಲ, ನಾವು ಅವರನ್ನು ಕೇಳಿಲ್ಲ. ಮನೆಗಳು ಎಲ್ಲ ಕಡೆಯೂ ಒಂದೇ ರೀತಿ ಆಕಳಿಸುತ್ತವೆ, ಅಷ್ಟೆ. ಪಾರ್ಫಿಟ್‌ಗೆ ಮಾತ್ರ ಇದು ಹೊಸ ವಿಷಯ. ಅವನು ಅವಳ ಬಾಯಿಯನ್ನು ನೋಡಿದ. ಆಮೇಲೆ, ಸಿಕ್ಕಿಬಿದ್ದವನಂತೆ, ಕೋಣೆಯ ಬಾಗಿಲನ್ನು ನೋಡಿದ. ಆಮೇಲೆ ಕನ್ನಡಕಕ್ಕಾಗಿ ಜೇಬೆಲ್ಲ ತಡಕಾಡಿದ.

“ಹಣೆ ಮೇಲಿದೆ,” ಎಂದಳು ಡಾರ್ಕಸ್.

“ಓ.”

“1663ರ ಸಾಲು ಒಬ್ಬ ಪಂಡಿತರದ್ದು. ಅದೇ ಮೊದಲನೇದಾದ್ರೆ ಪದ ಪುಸ್ತಕದಿಂದ ಪುಸ್ತಕಕ್ಕೆ ಬಂತು ಅಂತ ಬರೀಬೇಕು. ಅಪ್ಪನ ಚೀಟಿ ನಿಂತ್ರೆ, ಅದಕ್ಕಿಂತ ಮುಂಚೇನೇ ಊರೂರು ಸುತ್ತಿ ದಾನ ಎತ್ತೋರ ಮಾತಲ್ಲಿ ಇತ್ತು ಅಂತ.”

“ಹಾಗಿದ್ರೆ ನಿಲ್ಲಿಸೋಣ,” ಎಂದ ಪಾರ್ಫಿಟ್.

ಗಂಟೆ ಹೊಡೆಯಿತು. ಮಾತು ನಿಂತಿತು.

ಅಂದಿನಿಂದ ಅವನು ದಿನವೂ ನಾಲ್ಕು ಗಂಟೆಗೆ ಬಂದ. ಬರಲು ಒಂದು ಕಾರಣ ಸಿಕ್ಕಿತ್ತು. ಕಾರಣವಿಲ್ಲದೆ ಬರುವ ಜಾತಿಯ ಮನುಷ್ಯ ಅವನಲ್ಲ. “ಟ್ರೂರೋದಿಂದ ಕಾಗದ ಬಂತು, ಅಲ್ಲಿ ಇಲ್ಲವಂತೆ.” “ಎಕ್ಸೆಟರ್‌ನಲ್ಲಿ ಒಬ್ಬ ಟ್ರುಜನ್ ಇದ್ದಾನೆ, ಆದ್ರೆ ಅವನು ಗಡಿಯಾರ ರಿಪೇರಿಯವನು.” ಭಾನುವಾರಗಳಲ್ಲಿ ಬಸ್ಸು ಹತ್ತಿ ಹಳ್ಳಿಯ ಪಾದ್ರಿಗಳ ಮನೆಗಳಿಗೆ ಹೋಗಿ ಕದ ತಟ್ಟಿ, ಅಟ್ಟದ ಮೇಲಿನ ಪೆಟ್ಟಿಗೆ ತೆಗೆಸುತ್ತಿದ್ದ. ಒಂದು ಕಡೆ ನಾಯಿ ಕಚ್ಚಿತು. ಅದನ್ನೂ ಅವನು ಪುಸ್ತಕದ ಬಗ್ಗೆ ಒಂದು ಸಣ್ಣ ಸುಳಿವು ಎಂಬಂತೆ ವರದಿ ಮಾಡಿದ.

“ಕಾಲು ತೋರಿಸಿ,” ಎಂದಳು ಡಾರ್ಕಸ್.

“ಕಚೇರಿಯಲ್ಲಾ?”

“ಕಾಲು ತಾನೇ.”

ಅವನು ಪ್ಯಾಂಟಿನ ಅಂಚನ್ನು ಎರಡು ಬೆರಳು ಎತ್ತಿದ. ಅವಳು ಬಗ್ಗಿ ನೋಡಿದಳು. ನೋಡಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ. ಫೈಲು ಜೋಡಿಸುವ ಮಿಸೆಸ್ ಹಾಬ್‌ಡೇ ಕೋಣೆಯ ಆ ತುದಿಯಿಂದ ಕೆಮ್ಮಿದಳು. ಆಕೆಯ ಕೆಮ್ಮಿಗೆ ಶಬ್ದಕೋಶವೇ ಇತ್ತು.

“ಡಾರ್ಕಸ್ ಮಗೂ,” ಎಂದಳು ಮಿಸೆಸ್ ಹಾಬ್‌ಡೇ ಕೋಟು ಹಾಕಿಕೊಳ್ಳುವಾಗ, “ಆ ಸಾಸ್ ಪುಸ್ತಕ ಹುಡುಕ್ತಿದ್ದಾನೋ ಹೆಂಡತಿ ಹುಡುಕ್ತಿದ್ದಾನೋ?”

“ಪುಸ್ತಕ.”

“ಸಿಗುತ್ತಾ?”

ಡಾರ್ಕಸ್ ಗುಂಡಿ ಹಾಕಿಕೊಳ್ಳುವುದರಲ್ಲಿ ಬಹಳ ಮಗ್ನಳಾದಳು.

ಮನೆಗೆ ಹೋಗಿ ಅವಳು ಅಪ್ಪನಿಗೆ ಕಾಗದ ಬರೆದಳು. ಒಂದೇ ಸಾಲು: ಕೇಲಬ್ ಯಾವಾಗಿನಿಂದ ಪುಸ್ತಕ ಬರೆಯಲು ಶುರು ಮಾಡಿದ? ಮರುಟಪಾಲಿಗೆ ಉತ್ತರ ಬಂತು.

‘ಡಾರ್ಕಿ, ಆ ಪದ ಬಳಸಿದ ಒಬ್ಬೊಬ್ಬನನ್ನೂ ನಾನು ಓದಿದ್ದೇನೆ. ಎಲ್ಲರೂ ಕುರ್ಚಿಯಲ್ಲಿ ಕೂತವರು. ಒಬ್ಬನಾದರೂ ಹೊಸಿಲು ದಾಟಿ ಹೋಗಿ ಇನ್ನೊಬ್ಬರ ಬಾಗಿಲು ತಟ್ಟಿದವನಲ್ಲ. ಮೂವತ್ತೊಂಬತ್ತು ವರ್ಷ ನಾನು ತಟ್ಟಿದೆ, ಅದರಲ್ಲಿ ಅರ್ಧ ಕಾಲ ಕೇಲಬನೂ ಜೊತೆಗಿದ್ದ. ನಡೆದವನೊಬ್ಬ ಮೊದಲಿಗೆ ಇರಲಿ ಅನ್ನಿಸಿತು. ಒಂದೇ ಒಂದು ಚೀಟಿ ಕಣೇ. ಮಿಕ್ಕವೆಲ್ಲ ಸಾಚಾ. ನಿನ್ನ ಪಾರ್ಫಿಟ್‌ಗೆ ಹೇಳಬೇಡ. ಚೌಕಟ್ಟಿನ ಗಾಜು ಒಡೆದಿತ್ತು, ಹೊಸದು ಹಾಕಿಸಿದ್ದೇನೆ. ಅಪ್ಪ.’

ನಿನ್ನ ಪಾರ್ಫಿಟ್. ಅವಳು ಅಪ್ಪನಿಗೆ ಬರೆದ ಕಾಗದಗಳಲ್ಲಿ ಆ ಹೆಸರು ಎಷ್ಟು ಸಲ ಬಂದಿತ್ತೋ.

ಅವಳು ಹೇಳಲಿಲ್ಲ. ಮೊದಲ ವಾರ ಅಪ್ಪನಿಗಾಗಿ ಹೇಳಲಿಲ್ಲ. ಎರಡನೆಯ ವಾರದಿಂದ, ಪ್ರಾಮಾಣಿಕವಾಗಿ ನೋಡಿದರೆ, ನಾಲ್ಕು ಗಂಟೆಗಾಗಿ ಹೇಳಲಿಲ್ಲ. ಇಲ್ಲದ ಪುಸ್ತಕವೊಂದು ಇರುವ ತನಕ ಅವನು ಬರುತ್ತಾನೆ. ಸಿಗಲಾರದ್ದನ್ನು ಹುಡುಕಲು ಬಿಟ್ಟು, ಹುಡುಕುವವನ ಕೆಂಪು ಕಿವಿಗಳನ್ನು ನೋಡುತ್ತಾ ಬಿಸ್ಕತ್ತು ಮುರಿದು ಅರ್ಧ ಕೊಡುವುದು ಎಂಥ ಕೆಲಸವೆಂದು ಅವಳಿಗೆ ಗೊತ್ತಿತ್ತು. ಬಿಸ್ಕತ್ತು ಕೊಡುವುದನ್ನು ಮಾತ್ರ ಅವಳು ಬಿಡಲಿಲ್ಲ.

ಹೀಗೆ ಆರು ವಾರ ಕಳೆಯಿತು.

ಡಿಸೆಂಬರ್ ಮೊದಲ ಬುಧವಾರ ನಾಲ್ಕು ಗಂಟೆಗೆ ಡಾಕ್ಟರ್ ವೆನ್ನಿಂಗ್ ಬಂದು ಡಾರ್ಕಸಳ ಮೇಜಿನ ಅಂಚಿನಲ್ಲಿ ಬೆರಳೂರಿ ನಿಂತರು. ದಪ್ಪನೆಯ, ಸೌಮ್ಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ನೆಲ ನೋಡುತ್ತಿದ್ದರು.

“ಹಾಳೆ ಶುಕ್ರವಾರ ಅಚ್ಚಿಗೆ ಹೋಗುತ್ತೆ, ಪಾರ್ಫಿಟ್. ಟ್ರುಜನ್ ಸಿಕ್ಕಿದ್ನಾ?”

“ಇನ್ನೂ ಇಲ್ಲ, ಸರ್.”

“ಸಿಗದಿದ್ರೆ ಪದ್ಧತಿ ಗೊತ್ತಲ್ಲ. ಮೊದಲ ಸಾಲೇ ಖೊಟ್ಟಿ ಅಂತಾದ್ರೆ ಆ ಓದುಗರ ಚೀಟಿಗಳ ಕಟ್ಟು ಪೂರ್ತಿ ಹೊರಗೆ ತೆಗೀಬೇಕು, ಒಂದೊಂದೂ ಮತ್ತೆ ನೋಡ್ಬೇಕು. ಮುನ್ನುಡಿಯಲ್ಲಿ ಹೆಸರೂ ಇಡೋಕಾಗಲ್ಲ.” ಅವರು ನೆಲಕ್ಕೆ ಇನ್ನಷ್ಟು ಹತ್ತಿರದಿಂದ ಮಾತಾಡಿದರು. “ಕ್ಷಮಿಸಿ, ಮಿಸ್ ಪೆಲ್ಲೋ. ನಿಮ್ಮ ತಂದೆ ಅಂತ ಅಲ್ಲ, ಯಾರಾದ್ರೂ ಇದೇ ಪದ್ಧತಿ.”

ಗುರುವಾರ ಪಾರ್ಫಿಟ್ ಕಚೇರಿಗೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಬಂದ. ಗಡ್ಡ ಸರಿಯಾಗಿ ಹೆರೆದಿರಲಿಲ್ಲ. ಯಾರ ಮುಖವನ್ನೂ ನೋಡದೆ ನೇರ ಅವಳ ಮೇಜಿಗೆ ನಡೆದು ಚೀಟಿಯಿಟ್ಟು ಹೋದ. ಮೂಲೆಯಲ್ಲಿ, ಸಣ್ಣಗೆ, ಸ್ಪಷ್ಟವಾಗಿ: ಎಚ್.ಪಿ.

ಮಸಿ ಇನ್ನೂ ಹೊಳೆಯುತ್ತಿತ್ತು.

ಡಾರ್ಕಸ್ ಆ ಎರಡಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಜಗತ್ತಿನಲ್ಲಿ ಬೇರೆ ಯಾರ ಕಣ್ಣಿಗೂ ಅದು ಸಾಧಾರಣ ಗುರುತು. ಅವನನ್ನು ಬಿಟ್ಟರೆ, ಅದು ಸುಳ್ಳೆಂದು ಆ ಕಚೇರಿಯಲ್ಲಿ ಖಂಡಿತವಾಗಿ ತಿಳಿಯಬಲ್ಲವಳು ಅವಳೊಬ್ಬಳೇ, ಏಕೆಂದರೆ ಕುದುರೆಗಳು ಪುಸ್ತಕ ಬರೆಯುವುದಿಲ್ಲ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಅವಳಿಗೆ ಏನನ್ನೂ ಹೇಳಿರಲಿಲ್ಲ. ಅವಳ ಮೈ ಬೆಚ್ಚಗಾಯಿತು. ಮರುಕ್ಷಣವೇ ಚೀಟಿಯನ್ನು ತನ್ನಿಂದ ದೂರ ಸರಿಸಿದಳು. ಏಳು ವರ್ಷ ಕಣ್ಣಾರೆ ಕಂಡದ್ದನ್ನು ಮಾತ್ರ ಕಂಡೆನೆಂದ ಮನುಷ್ಯನ ಕೈಯಲ್ಲಿ ಅವಳು ಇದನ್ನು ಬರೆಸಿದ್ದಳು, ಬಾಯಿ ಮುಚ್ಚಿಕೊಂಡಿದ್ದು.

ನಾಲ್ಕು ಗಂಟೆಯ ತನಕ ಕಾಯಲಿಲ್ಲ. ಎದ್ದು ಹೋಗಿ, ನಿಯಮ ಮುರಿದು, ದೊಡ್ಡ ಕೋಣೆಯ ನಡುವೆಯೇ, “ಮಿಸ್ಟರ್ ಪಾರ್ಫಿಟ್, ಒಂದು ನಿಮಿಷ ಹೊರಗೆ ಬನ್ನಿ,” ಎಂದಳು. ಹನ್ನೆರಡು ತಲೆಗಳು ಮೇಲೆದ್ದವು. ಮಿಸೆಸ್ ಹಾಬ್‌ಡೇ ಕೆಮ್ಮಲು ಮರೆತಳು.

ಕಚೇರಿಯ ಹಿಂದೆ ಸೈಕಲ್ ನಿಲ್ಲಿಸುವ ಅಂಗಳ. ಇಬ್ಬನಿ ಹಿಮಗಟ್ಟಿ ಸೀಟುಗಳ ಮೇಲೆ ಬಿಳಿಯಾಗಿತ್ತು. ಇಬ್ಬರೂ ಕೋಟು ತಂದಿರಲಿಲ್ಲ.

“ಎಲ್ಲಿ ಸಿಕ್ತು?”

“ಬ್ರಿಸ್ಟಲ್‌ನಲ್ಲಿ. ಒಬ್ಬರ ಮನೇಲಿ. ಖಾಸಗಿ ಸಂಗ್ರಹ.”

“ನೀವೇ ನೋಡಿದ್ರಾ?”

“ಸಹಿ ಹಾಕಿದೀನಲ್ಲ.”

“ರಟ್ಟು ಯಾವ ಬಣ್ಣ?”

ಅವನು ಗೋಡೆ ನೋಡಿದ. “ಕಂದು.”

“ಕೇಲಬ್ ಕೂಡ ಕಂದು ಬಣ್ಣವೇ,” ಎಂದಳು ಡಾರ್ಕಸ್. “ಹಣೆ ಮೇಲೆ ಮಾತ್ರ ಒಂಚೂರು ಬಿಳಿ.”

“ಯಾರು?”

“ನಮ್ಮ ಕುದುರೆ.”

ಅವನಿಗೆ ಅರ್ಥವಾಗಲು ಹಿಡಿದ ಹೊತ್ತನ್ನು ಅವಳು ನಿಂತು ಅನುಭವಿಸಿದಳು. ಮೊದಲು ಅವನ ಕಿವಿ ಕೆಂಪಾಯಿತು, ಆಮೇಲೆ ಮುಖ, ಆಮೇಲೆ ಎರಡೂ ಬಿಳಿಚಿಕೊಂಡವು.

“ಯಾವಾಗ ಗೊತ್ತಾಯ್ತು?”

“ನೀವು ಚೀಟಿ ತೋರಿಸಿದ ದಿನ.”

“ಆರು ವಾರ.” ಅವನು ಮೆಲ್ಲಗೆ ಹೇಳಿದ. “ನಾನು ಹದಿನೇಳು ಊರು ಸುತ್ತಿದೀನಿ. ಒಬ್ಬ ಪಾದ್ರಿ ಅವರಜ್ಜಿ ಬರೆದಿಟ್ಟ ಉಪ್ಪಿನಕಾಯಿ ಪುಸ್ತಕ ಪೂರ್ತಿ ನನ್ನ ಕೈಲಿ ಓದಿಸಿದ. ಯಾವಾಗ ಬಂದು ಇಲ್ಲ ಅಂದ್ರೂ ನೀವು ಬಿಸ್ಕತ್ತು ಕೊಡ್ತಿದ್ರಿ. ನಗ್ತಿದ್ರಾ ಒಳಗೆ?”

“ಇಲ್ಲ.”

“ಮತ್ತೇನು?”

“ಹೇಳಿಬಿಟ್ರೆ ನೀವು ನಾಲ್ಕು ಗಂಟೆಗೆ ಬರಲ್ಲ ಅಂತ.”

ಅವನು ಒಂದು ಸೈಕಲ್ ಸೀಟಿನ ಮೇಲಿನ ಹಿಮ ಕೆರೆದ. ಅವಳೇ ಕೇಳಿದಳು: “ನೀವ್ಯಾಕೆ ಸಹಿ ಹಾಕಿದ್ರಿ?”

“ನಿಮ್ಮ ತಂದೆಯವರ ಹೆಸರಿಗೋಸ್ಕರ ಅಂತ ಹೇಳಬಹುದು.” ಅವನು ಕನ್ನಡಕ ತೆಗೆದು ಒರೆಸಿದ, ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. “ಅದು ಈ ವಾರದ ಎರಡನೇ ಸುಳ್ಳಾಗುತ್ತೆ. ನನಗೆ ಅಭ್ಯಾಸ ಇಲ್ಲ, ಡಾರ್ಕಸ್. ಒಂದಕ್ಕೇ ನಿನ್ನೆ ಇಡೀ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತಿದ್ದೆ.”

ಹೆಸರು ಹಿಡಿದು ಕರೆದಿದ್ದ. ಇಬ್ಬರೂ ಅದನ್ನು ಕೇಳಿಸಿಕೊಂಡರು.

“ಹಾಗಿದ್ರೆ ನಿಜ ಹೇಳು,” ಎಂದಳು.

“ನಿನ್ನ ಮುಖ ಬಾಡೋದನ್ನ ನೋಡೋಕಾಗಲ್ಲ. ಅಷ್ಟೇ ನಿಜ. ಅದಕ್ಕೆ ನನ್ನ ಹತ್ರ ಬೇರೆ ಆಧಾರ ಇಲ್ಲ.”

ಅವಳು ಅವನ ತಣ್ಣನೆಯ ಬೆರಳುಗಳನ್ನು ಹಿಡಿದುಕೊಂಡಳು. ಮಸಿ ಅಂಟಿದ ಬೆರಳು ಯಾವುದೆಂದು ನೋಡದೆಯೇ ಗೊತ್ತಾಯಿತು. ಇಬ್ಬರ ಉಸಿರು ಹೊಗೆಯಾಗಿ ಒಂದರೊಳಗೊಂದು ಸೇರುತ್ತಿತ್ತು. ಇದೊಂದು ಸೈಕಲ್ ಅಂಗಳ, ತನ್ನ ವಯಸ್ಸು ಇಪ್ಪತ್ತೊಂಬತ್ತು, ಸಂಜೆಯೊಳಗೆ ಹಾಳೆ ಅಚ್ಚಿಗೆ ಹೋಗುತ್ತದೆ ಎಂಬ ಮೂರೂ ಸಂಗತಿಗಳು ಅವಳಿಗೆ ನೆನಪಿದ್ದವು.

“ಇದು ನಮ್ಮಿಬ್ಬರಿಗೇ ಗೊತ್ತು,” ಎಂದ ಅವನು. ಕೈ ಬಿಡಿಸಿಕೊಳ್ಳಲಿಲ್ಲ. “ಬಿಟ್ಟುಬಿಟ್ರೆ ಹೋಗುತ್ತೆ. ನಿಮ್ಮಪ್ಪನ ಹೆಸರು ಉಳಿಯುತ್ತೆ. ಯಾರೂ ಯಾವತ್ತೂ ಹುಡುಕಲ್ಲ. ನನ್ನ ಸಹಿ ಇದ್ರೆ ಯಾರೂ ಹುಡುಕಲ್ಲ, ಅದೇ ಇದರ ಅರ್ಥ.”

“ನೀನು ಬಿಡ್ತೀಯಾ?”

“ನೀನು ಹೇಳಿದ್ರೆ ಬಿಡ್ತೀನಿ.”

ಅವನು ನಿಜಕ್ಕೂ ಬಿಡುತ್ತಾನೆಂದು ಅವಳಿಗೆ ಕಂಡಿತು. ಬಿಟ್ಟು, ಅವಳನ್ನು ಮದುವೆಯಾಗಿ, ಮಕ್ಕಳಿಗೆ ಓದು ಕಲಿಸಿ, ಪ್ರತಿದಿನ ಬೆಳಿಗ್ಗೆ ಲೈಬ್ರರಿಗೆ ಹೋಗಿ, ಪ್ರತಿ ಚೀಟಿಯ ಮೂಲೆಯಲ್ಲಿ ಆ ಎರಡಕ್ಷರ ಹಾಕುವಾಗ ಒಂದು ಕ್ಷಣ ಪೆನ್ನು ತಡೆಯುತ್ತಾನೆ. ಆ ಒಂದು ಕ್ಷಣ ದಿನಕ್ಕೆ ಅರವತ್ತು ಸಲ, ಮೂವತ್ತು ವರ್ಷ. ಇನ್ನೊಂದು ಕಡೆ ಪೆನ್‌ರಿನ್‌ನಲ್ಲಿ, ನರ ಉಬ್ಬಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು, ಹೊಸ ಗಾಜು ಹಾಕಿಸಿದ ಕಾಗದದ ಕೆಳಗೆ ಕೂತ ಅಪ್ಪ. ಎರಡನ್ನೂ ಉಳಿಸುವ ದಾರಿ ಇರಲಿಲ್ಲ.

“ನಾನು ಅಪ್ಪನಿಗೆ ಮೋಸ ಮಾಡ್ತೀನಿ,” ಎಂದಳು, ತೋಳಿಗೆ ಕಣ್ಣೊರೆಸಿಕೊಂಡು. “ನಿನಗೆ ಮಾಡಿ ಆಯ್ತಲ್ಲ. ಚೀಟಿ ಹರಿದು ಹಾಕಿ, ಪುಸ್ತಕ ಸಿಗಲಿಲ್ಲ ಅಂತ ನಾನು ಹೇಳ್ತೀನಿ. ನಿನ್ನ ಸಹಿ ಯಾರೂ ನೋಡಿಲ್ಲ.”

“ಚೀಟಿ ಹರಿಯೋ ಹಾಗಿಲ್ಲ,” ಎಂದ ಪಾರ್ಫಿಟ್, ಗಾಬರಿಯಿಂದ. ಅಷ್ಟು ಹೊತ್ತು ನಡೆದ ಮಾತಿನಲ್ಲಿ ಅವನು ನಿಜವಾಗಿ ಗಾಬರಿಯಾದದ್ದು ಅದೊಂದಕ್ಕೇ. “ಯಾವ ಚೀಟೀನೂ ಹರಿಯಬಾರದು. ಸುಳ್ಳಾದ್ರೂ ಸರಿ. ಸುಳ್ಳು ಅಂತ ಬರೆದು ಇಡ್ಬೇಕು.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವಳು ಪ್ರೀತಿಸಿದ್ದ ಮನುಷ್ಯ ಎಲ್ಲೂ ಹೋಗಿರಲಿಲ್ಲ.

“ಹಾಗಿದ್ರೆ ನಡಿ,” ಎಂದಳು.

ಡಾಕ್ಟರ್ ವೆನ್ನಿಂಗ್ ಇಬ್ಬರ ಮಾತನ್ನೂ ಕೊನೆಯ ತನಕ ಕೇಳಿದರು. ಈ ಸಲ ಅವರು ನೆಲ ನೋಡಲಿಲ್ಲ. ಚೀಟಿ ನೋಡಿದರು, ಪಾರ್ಫಿಟ್‌ನನ್ನು ನೋಡಿದರು, ಮೇಜಿನ ಕೆಳಗೆ ಅಡಗಿಸಿಕೊಂಡಿದ್ದೇವೆಂದು ಇಬ್ಬರೂ ನಂಬಿಕೊಂಡಿದ್ದ ಎರಡು ಕೈಗಳನ್ನೂ ನೋಡಿದರು.

“ಕುದುರೆಯಾ?” ಎಂದರು.

“ಹೌದು, ಸರ್.”

“ಸಾಲು ಚೆನ್ನಾಗಿದೆ,” ಎಂದರು ವೆನ್ನಿಂಗ್, ದುಃಖದಿಂದ. “ನಗುತ್ತಾ ತೆರೆದದ್ದು ಒಂದೇ. ಅದನ್ನ ಕುರ್ಚಿಯಲ್ಲಿ ಕೂತು ಬರೆಯೋಕಾಗಲ್ಲ.” ಆಮೇಲೆ ಕೆಂಪು ಮಸಿಯ ಪೆನ್ನು ತೆಗೆದುಕೊಂಡರು. “ಪಾರ್ಫಿಟ್, ನಿಮ್ಮ ಸಹಿ ಇರೋದನ್ನೆಲ್ಲ ಇನ್ನು ಮತ್ತೆ ನೋಡಿಸ್ಬೇಕಾಗುತ್ತೆ. ಏಳು ವರ್ಷದ್ದು. ನಿಮಗೆ ಗೊತ್ತು.”

“ಗೊತ್ತು, ಸರ್.”

ಶನಿವಾರ ಡಾರ್ಕಸ್ ರೈಲು ಹತ್ತಿ ಪೆನ್‌ರಿನ್‌ಗೆ ಹೋದಳು. ಇದು ಕಾಗದದಲ್ಲಿ ಬರೆಯುವ ವಿಷಯವಲ್ಲ. ಅಪ್ಪ ಬಾಗಿಲಲ್ಲೇ ನಿಂತು ಕೇಳಿದ. ಮಗಳನ್ನು ಒಳಗೆ ಕರೆಯುವ ಮುಂಚೆ ಒಂದೇ ಪ್ರಶ್ನೆ: “ಹೇಳಲೇಬೇಕಿತ್ತಾ?”

“ಬೇಕಿತ್ತು, ಅಪ್ಪಾ.”

“ಆ ಹುಡುಗನಿಗೋಸ್ಕರ.”

“ಹೌದು.”

ಅಪ್ಪ ತಲೆಯಾಡಿಸಿ ಒಳಗೆ ಹೋದ. ಆ ಸಂಜೆ ಮನೆ ನೋಡಿಕೊಳ್ಳುತ್ತಿದ್ದ ಸೋದರತ್ತೆ, ಅಪ್ಪನ ತಂಗಿ, ಚಹಾ ಮಾಡಿ ಕೊಟ್ಟಳು. ಅಪ್ಪ ಎದುರಿಗೇ ಕೂತು, ಗೋಡೆಯ ಚೌಕಟ್ಟನ್ನು ನೋಡುತ್ತಾ ಕುಡಿದ. ಭಾನುವಾರದ ರೈಲಿಗೆ ಅವಳು ಹೊರಟಾಗ ಕಿಟಕಿಯಲ್ಲಿ ನಿಂತಿದ್ದ. ಕೈ ಬೀಸಿದನೋ ಪರದೆ ಸರಿಸಿದನೋ ತಿಳಿಯಲಿಲ್ಲ.

ಸಂಪುಟ ಎರಡು ವರ್ಷದ ಮೇಲೆ ಹೊರಬಂತು. ‘ಆಸ್ಟಿಯಾಟಿಮ್’ನ ಮೊದಲ ಇಸವಿ 1663 ಎಂದೇ ಅಚ್ಚಾಯಿತು, ಪದ ಪುಸ್ತಕದಿಂದ ಪುಸ್ತಕಕ್ಕೆ ಬಂತೆಂದು ಡಾರ್ಕಸ್ ಮೂರು ಸಾಲು ಬರೆದಿದ್ದಳು. ಜೆತ್ರೋ ಪೆಲ್ಲೋನ ಕಟ್ಟನ್ನು ಪೂರ್ತಿ ನೋಡಿ ಮುಗಿಸಿದಾಗ ಬೇರೆ ಸುಳ್ಳು ಒಂದೂ ಸಿಗಲಿಲ್ಲ, ಆದರೆ ಅಷ್ಟರಲ್ಲಿ ಮುನ್ನುಡಿ ಅವನ ಹೆಸರಿಲ್ಲದೆ ಅಚ್ಚಾಗಿತ್ತು. ಪಾರ್ಫಿಟ್ ಕೆಲಸ ಬಿಟ್ಟು ಒಂದು ಶಾಲೆಯಲ್ಲಿ ಲ್ಯಾಟಿನ್ ಕಲಿಸಲು ಸೇರಿದ. ಅವರ ಮದುವೆ ಐವತ್ತೊಂಬತ್ತರ ಏಪ್ರಿಲ್‌ನಲ್ಲಿ ನಡೆದಿತ್ತು. ಅಪ್ಪ ಬಂದಿರಲಿಲ್ಲ.